ಹವ್ಯಾಸದ ಕಾಲಂ

ತಪ್ಪು ನನ್ನದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ತಪ್ಪು ಆ ಅರ್ಜಿ ನಮೂನೆಯನ್ನು ಅಚ್ಚು ಹಾಕಿಸಿದ ಪುಣ್ಯಾತ್ಮನದು. ಇಪ್ಪತ್ತೈದು ವರ್ಷ ಒಂದೂ ಅಪಘಾತ ಮಾಡದೆ ಬಸ್ಸು ಓಡಿಸಿದವನಿಗೆ ಒಂದು ಬೆಳ್ಳಿ ಬಿಲ್ಲೆ ಕೊಡುವುದಕ್ಕೆ ಅವನ ಹವ್ಯಾಸ ತಗೊಂಡು ಏನು ಮಾಡುತ್ತಾರೆ? ಯಾರನ್ನು ಕೇಳಿದರೂ ಗೊತ್ತಿಲ್ಲ. ಆದರೆ ಕಾಲಂ ಇತ್ತು. ಹೆಸರು, ವಯಸ್ಸು, ಮಾರ್ಗ, ರಕ್ತದ ಗುಂಪು, ಹವ್ಯಾಸ. ರಕ್ತದ ಗುಂಪಿಗೆ ಅರ್ಧ ಸಾಲು ಜಾಗ ಬಿಟ್ಟಿದ್ದರು, ಹವ್ಯಾಸಕ್ಕೆ ಎರಡೇ ಬೆರಳು. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ, ‘ಯಾವುದೇ ಕಾಲಂ ಖಾಲಿ ಬಿಟ್ಟಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗುವುದು’ ಎಂದು ಬೆದರಿಕೆ ಬೇರೆ.

ನಾನು ಹದಿನೇಳನೇ ನಂಬರ್ ಬಸ್ಸಿನ ಕಂಡಕ್ಟರ್. ನನ್ನ ಡ್ರೈವರನ್ನು ನಾನು ಅಣ್ಣ ಎನ್ನುತ್ತೇನೆ, ಉಳಿದ ಡಿಪೋ ‘ಆಮೆ’ ಎನ್ನುತ್ತದೆ. ಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮ ಬಸ್ಸಿನಿಂದ ಇಳಿದ ಮುದುಕಿಯರು ನಡೆದುಕೊಂಡು ಹೋಗಿ ಮುಂದಿನ ಸ್ಟಾಪಿನಲ್ಲಿ ನಮಗಾಗಿ ಕಾದು ನಿಂತದ್ದುಂಟು. ಆದರೆ ಇಪ್ಪತ್ತನಾಲ್ಕು ವರ್ಷ ಹತ್ತು ತಿಂಗಳಲ್ಲಿ ಅವರ ಬಸ್ಸು ಒಂದು ಸೈಕಲ್ಲಿನ ಮಡ್‌ಗಾರ್ಡನ್ನೂ ಸವರಿದ್ದಿಲ್ಲ. ಡಿಪೋದಲ್ಲಿ ಸಾಲಾಗಿ ನಿಂತ ಬಸ್ಸುಗಳ ಮೈಮೇಲೆಲ್ಲ ಗೀರು, ಜಜ್ಜು, ತೇಪೆ. ಹದಿನೇಳರ ಬಣ್ಣ ಮಾಸಿತ್ತೇ ಹೊರತು ಒಂದು ಗೆರೆ ಇರಲಿಲ್ಲ. ರಜೆಯ ದಿನ ಕೂಡ ಈ ಮನುಷ್ಯ ಡಿಪೋಗೆ ಬಂದು, ನಿಂತ ಬಸ್ಸಿನ ಸ್ಟೀರಿಂಗ್ ಹಿಡಿದು ಹತ್ತು ನಿಮಿಷ ಕೂತು ಹೋಗುತ್ತಿದ್ದರು. ಅಂಥ ಹುಚ್ಚು.

ಬಿಲ್ಲೆಗೆ ಇನ್ನೆರಡೇ ತಿಂಗಳು. ಅದನ್ನು ಅಂಗಿಯ ಜೇಬಿಗೆ ಚುಚ್ಚಿದಾಗ ಬಟ್ಟೆ ಜೋತುಬೀಳಬಾರದು ಎಂದು ಅಣ್ಣ ಅತ್ತಿಗೆಯಿಂದ ಜೇಬಿನ ಹಿಂದೆ ಇಮ್ಮಡಿ ಬಟ್ಟೆ ಹೊಲಿಸಿಕೊಂಡಿದ್ದರು. ಬಿಲ್ಲೆ ಬರುವುದಕ್ಕೆ ಆರು ತಿಂಗಳು ಮೊದಲೇ!

ಅವರ ಬಸ್ಸು ಎಂದೂ ರಸ್ತೆ ಬಿಟ್ಟು ಇಳಿದದ್ದಿಲ್ಲ. ಅಕ್ಷರ ಮಾತ್ರ ಎಂದೂ ಗೆರೆಯ ಮೇಲೆ ನಿಂತದ್ದಿಲ್ಲ. ಆದ್ದರಿಂದ ಅರ್ಜಿ ತುಂಬಿದವನು ನಾನು.

“ಹವ್ಯಾಸ ಏನಂತ ಬರೀಲಿ ಅಣ್ಣ?”

“ಬಸ್ಸು ಓಡ್ಸೋದು.”

“ಅದು ಕೆಲಸ. ಕೆಲಸ ಬಿಟ್ಟು ಮನೇಲಿ ಏನ್ ಮಾಡ್ತೀರಿ?”

ಅಣ್ಣ ಬಹಳ ಹೊತ್ತು ಯೋಚಿಸಿದರು. “ನಿದ್ದೆ” ಎಂದರು.

“ಥೂ, ಚೆನ್ನಾಗಿರಲ್ಲ. ರಾಕೆಟ್ ನೋಡಿ, ಅವನ ಅರ್ಜೀಲಿ ಫೋಟೋಗ್ರಫಿ ಅಂತ ಬರ್ದಿದಾನೆ.”

ರಾಕೆಟ್ ಅಂದರೆ ಇಪ್ಪತ್ತೊಂದನೇ ನಂಬರಿನ ಡ್ರೈವರ್. ಅವನು ಬಿಲ್ಲೆಗಲ್ಲ, ಬೇರೇನೋ ವರ್ಗಾವಣೆಗೆ ಅರ್ಜಿ ಹಾಕಿದ್ದ. ಬಿಲ್ಲೆ ಕೇಳುವ ಧೈರ್ಯ ಅವನಿಗೂ ಇರಲಿಲ್ಲ. ಕ್ಯಾಮೆರಾವಂತೂ ಅವನ ವಂಶದಲ್ಲೇ ಯಾರ ಹತ್ತಿರವೂ ಇರಲಿಲ್ಲ.

ಆಗ ನನ್ನ ಕಣ್ಣಿಗೆ ಬಿದ್ದದ್ದು ನನ್ನ ಸೀಟಿನ ಕೆಳಗಿದ್ದ ಪುಸ್ತಕ. ಯಾರೋ ಪ್ರಯಾಣಿಕರು ಬಿಟ್ಟುಹೋದದ್ದು, ತಿಂಗಳಾದರೂ ಕೇಳಿಕೊಂಡು ಬಂದಿರಲಿಲ್ಲ. ಮನೆಯಲ್ಲೇ ವೈನ್ ಮಾಡುವುದು ಹೇಗೆಂದು ಹೇಳುವ ಮೂವತ್ತೆರಡು ಪುಟ. ಮುಖಪುಟದಲ್ಲಿ ಒಂದು ದ್ರಾಕ್ಷಿ ಗೊಂಚಲು, ಹಲ್ಲು ಕಿರಿಯುವ ಒಬ್ಬ ದಪ್ಪ ಮನುಷ್ಯ.

“ವೈನ್ ತಯಾರಿಕೆ ಅಂತ ಹಾಕ್ತೀನಿ ಅಣ್ಣ. ದೊಡ್ಡ ಮನುಷ್ಯರ ಹವ್ಯಾಸ.”

“ನಾನು ಕುಡಿಯೋನೇ ಅಲ್ವಲ್ಲೋ!”

“ಕುಡೀತೀರಿ ಅಂತ ಯಾರು ಬರೀತಿದಾರೆ? ಮಾಡ್ತೀರಿ ಅಂತ ತಾನೆ? ಮಿಠಾಯಿ ಮಾಡೋನು ದಿನಾ ಮಿಠಾಯಿ ತಿಂತಾನಾ? ಬರ್ದು ಬಿಸಾಕೋಣ. ಯಾರು ನೋಡ್ತಾರೆ?”

ಎರಡು ಬೆರಳಿನ ಜಾಗದಲ್ಲಿ ‘ವೈನ್’ ಎಂದು ಬರೆಯುವಷ್ಟರಲ್ಲಿ ಗೆರೆ ಬಂತು. ‘ತಯಾರಿಕೆ’ಯನ್ನು ಎಲ್ಲಿಗೆ ಹಾಕಲಿ? ಬಿಟ್ಟೆ. ಅಣ್ಣ ಸಹಿ ಹಾಕಿದರು.

ಬೇರೆ ಯಾರಾದರೂ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮಾರನೆಯ ದಿನ ಅಣ್ಣ ನನ್ನ ಹತ್ತಿರ ಬಂದು ಆ ಪುಸ್ತಕ ಕೊಡು ಎಂದರು. “ಸಹಿ ಹಾಕಿದೀನಿ ಕಣೋ. ಬರ್ದ ಮೇಲೆ ಮಾಡ್ಬೇಕು.” ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ ಎನ್ನುತ್ತಾರಲ್ಲ, ಹಾಗೆ. ನಾನು ತಲೆ ಚಚ್ಚಿಕೊಂಡೆ.

“ಮದುವೆ ಆದಾಗಿಂದ ಒಂದು ಲೋಟ ನೀರು ತಾವಾಗೇ ತಗೊಂಡು ಕುಡಿದೋರಲ್ಲ, ಈಗ ವೈನ್ ಮಾಡ್ತಾರಂತೆ, ವೈನು!” ಎಂದು ಅತ್ತಿಗೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅಣ್ಣ ಎಂಟು ಕೆಜಿ ದ್ರಾಕ್ಷಿ ತಂದರು. ಒಂದೊಂದು ಹಣ್ಣನ್ನೂ ಬಸ್ಸು ತೊಳೆದ ಹಾಗೆ ತೊಳೆದು ಒರೆಸಿದರು. ಒಂದು ಭಾನುವಾರ ಬೆಳಗ್ಗೆ ಐದೂವರೆಗೆ, ಡ್ಯೂಟಿಗೆ ಹೊರಡುವ ಮೊದಲು, ಕೈಯಲ್ಲೇ ಕಿವುಚಿ, ಸಕ್ಕರೆ ಬೆರೆಸಿ, ಯೀಸ್ಟ್ ಹಾಕಿ ಎರಡು ದೊಡ್ಡ ಗಾಜಿನ ಜಾಡಿಗೆ ತುಂಬಿದರು. ಮುಚ್ಚಳಕ್ಕೆ ತೂತು ಕೊರೆದು ಸಣ್ಣ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿಟ್ಟರು. ಒಳಗಿನ ಗಾಳಿ ಹೊರಗೆ ಬರಬೇಕು, ಹೊರಗಿನದು ಒಳಗೆ ಹೋಗಬಾರದು ಎಂದು ಪುಸ್ತಕದಲ್ಲಿತ್ತು. ಜಾಡಿಗಳಿಗೆ ತಮ್ಮ ಹಳೆಯ ಯೂನಿಫಾರ್ಮಿನ ಸ್ವೆಟರ್ ಸುತ್ತಿ ಬೀರುವಿನ ಹಿಂದೆ ಇಟ್ಟರು. ಮೂರನೆಯ ದಿನದಿಂದ ಲೋಟದಲ್ಲಿ ಗುಳ್ಳೆ ಏಳತೊಡಗಿತು. ಅಣ್ಣ ಕಿವಿಗೊಟ್ಟು, ಗಡಿಯಾರ ಹಿಡಿದು ಎಣಿಸಿ ನನಗೆ ವರದಿ ಒಪ್ಪಿಸುತ್ತಿದ್ದರು.

“ನಿಮಿಷಕ್ಕೆ ನಲವತ್ತು. ಇಂಜಿನ್ ಐಡ್ಲಿಂಗ್ ಸರಿಯಾಗಿದೆ.”

ಹದಿನಾಲ್ಕು ವರ್ಷ ನನ್ನ ಜೊತೆ ಬಸ್ಸಿನ ವಿಷಯ ಬಿಟ್ಟು ಬೇರೆ ಮಾತಾಡದ ಮನುಷ್ಯ ಆ ಮೂರು ವಾರ ವಟವಟ ಎನ್ನುತ್ತಿದ್ದರು. ನನಗೂ ಖುಷಿಯಾಗುತ್ತಿತ್ತು. ಸುಳ್ಳೇಕೆ ಹೇಳಲಿ?

ಪುಸ್ತಕದ ಹತ್ತೊಂಬತ್ತನೆಯ ಪುಟದಲ್ಲಿ, ‘ಮೂರು ವಾರದ ನಂತರ ತಳದ ಗಷ್ಟು ಕದಡದಂತೆ ತಿಳಿಯನ್ನು ನಳಿಗೆಯ ಮೂಲಕ ಬೇರೆ ಪಾತ್ರೆಗೆ ಇಳಿಸಿಕೊಳ್ಳಿ’ ಎಂದಿತ್ತು. ನಳಿಗೆಯಲ್ಲಿ ಹೇಗೆ ಇಳಿಸಿಕೊಳ್ಳಬೇಕು ಎಂದು ಬರೆದಿರಲಿಲ್ಲ. ಡ್ರೈವರನಿಗೆ ಅದನ್ನು ಬರೆದು ಹೇಳಬೇಕೆ? ದಾರಿಯಲ್ಲಿ ಡೀಸೆಲ್ ಮುಗಿದು ಬಸ್ಸು ನಿಂತರೆ ಇನ್ನೊಂದು ಬಸ್ಸಿನ ಟ್ಯಾಂಕಿಗೆ ನಳಿಗೆ ಇಳಿಬಿಟ್ಟು, ತುದಿಗೆ ಬಾಯಿ ಹಚ್ಚಿ ಎಳೆಯುತ್ತಾರೆ. ಬಾಯಿಗೆ ಬಂದ ಕೂಡಲೇ ನಳಿಗೆಯನ್ನು ಡಬ್ಬಕ್ಕೆ ಬಿಟ್ಟು, ಬಾಯಲ್ಲಿದ್ದದ್ದನ್ನು ಉಗುಳುತ್ತಾರೆ. ನಮ್ಮ ಡಿಪೋದಲ್ಲಿ ಅಣ್ಣನಷ್ಟು ಚೊಕ್ಕವಾಗಿ ಡೀಸೆಲ್ ಎಳೆಯುವವರಿಲ್ಲ. ಇಷ್ಟು ವರ್ಷದಲ್ಲಿ ಒಂದು ಹನಿ ನುಂಗಿದವರಲ್ಲ.

“ಸಂಜೆ ಡ್ಯೂಟಿ ಮುಗಿಸ್ಕೊಂಡು ಬಂದು ಇಳಿಸಿ ಅಣ್ಣ” ಎಂದಿದ್ದೆ ನಾನು.

“ಭಾನುವಾರ ಐದೂವರೆಗೆ ಹಾಕಿದ್ದು. ಮೂರು ವಾರ ಅಂದ್ರೆ ಭಾನುವಾರ ಐದೂವರೆಗೇ ತೆಗೀಬೇಕು. ಟೈಮಂದ್ರೆ ಟೈಮು.”

ಟೈಮಿಗೆ ಸರಿಯಾಗಿ ತೆಗೆದರು. ಗಷ್ಟು ಸಿಕ್ಕಿಕೊಂಡು ನಳಿಗೆ ಎರಡು ಸಲ ಕಟ್ಟಿತು. ಹಾಗಾಗಿ ಎರಡು ಜಾಡಿಗೆ ನಾಲ್ಕು ಸಲ ಬಾಯಿ ತುಂಬ ಎಳೆದು, ನಾಲ್ಕು ಸಲವೂ ಅಡುಗೆಮನೆಯ ಬಚ್ಚಲಿಗೆ ಉಗುಳಿದರು. ಡೀಸೆಲ್ ಎಳೆದಾಗ ನೀರು ಹಾಕಿ ಮುಕ್ಕಳಿಸಿದರೆ ವಾಸನೆ ಇನ್ನೂ ಹರಡುತ್ತದೆ, ಬಟ್ಟೆಯಲ್ಲಿ ಒರೆಸಬೇಕು ಎನ್ನುವುದು ಡ್ರೈವರುಗಳ ಶಾಸ್ತ್ರ. ಅಣ್ಣ ಬಟ್ಟೆಯಲ್ಲಿ ಬಾಯೊರೆಸಿಕೊಂಡು ನೇರ ಡಿಪೋಗೆ ಬಂದರು. ಮನೆಯಿಂದ ಗೇಟಿಗೆ ನಾಲ್ಕು ನಿಮಿಷದ ದಾರಿ.

ಗೇಟಿನಲ್ಲಿ ಡ್ರೈವರುಗಳು ದಿನಾ ಬೆಳಗ್ಗೆ ಊದಬೇಕಾದ ಯಂತ್ರವಿದೆ. ಕುಡಿದಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ಅಣ್ಣ ಎಷ್ಟು ಶ್ರದ್ಧೆಯಿಂದ ಊದುತ್ತಿದ್ದರೆಂದರೆ ಗೇಟಿನವನೇ “ಸಾಕು ಬಿಡಿ ಸ್ವಾಮಿ, ಬ್ಯಾಟರಿ ಹೋಗುತ್ತೆ” ಎನ್ನುತ್ತಿದ್ದ. ಅವತ್ತೂ ಶ್ರದ್ಧೆಯಿಂದ ಊದಿದರು. ಯಂತ್ರ ಕೆಂಪಾಗಿ ಕಿರುಚಿತು.

ಗೇಟಿನವನು ಯಂತ್ರವನ್ನು ತೊಡೆಗೆ ಬಡಿದ. ತಾನೇ ಊದಿದ, ಹಸಿರು. ನನ್ನಿಂದ ಊದಿಸಿದ, ಹಸಿರು. ಅಣ್ಣ ಮತ್ತೆ ಊದಿದರು, ಕೆಂಪು. ಬಂದ ಅಂಕಿ ನೋಡಿ ಅವನು, “ಅಬ್ಬಬ್ಬಾ! ರಾಕೆಟ್‌ಗೂ ಇಷ್ಟು ಬಂದಿರ್ಲಿಲ್ಲ” ಎಂದ. ಅರ್ಧ ಗಂಟೆ ಸುಮ್ಮನಿದ್ದಿದ್ದರೆ ಬಾಯಲ್ಲಿದ್ದದ್ದು ಆರಿಹೋಗಿ ಯಂತ್ರ ತಾನಾಗಿಯೇ ಹಸಿರಾಗುತ್ತಿತ್ತು. ಆದರೆ ಐದು ನಿಮಿಷದೊಳಗೆ ಎರಡು ಸಲ ಊದಿಸಿ ಪುಸ್ತಕಕ್ಕೆ ಏರಿಸಬೇಕು ಎಂದು ನಿಯಮ. ಏರಿಸಿದ.

“ಕುಡಿದಿಲ್ಲಪ್ಪಾ. ಬಾಯಲ್ಲಿ ಎಳೆದು ಉಗುಳ್ದೆ” ಎಂದರು ಅಣ್ಣ.

“ಏನನ್ನ?”

“ವೈನ್‌ನ.”

ಗೇಟಿನವನು ಪೆನ್ನು ಕೆಳಗಿಟ್ಟ. “ಕೆಮ್ಮಿನ ಔಷಧಿ ಅಂದೋರಿದಾರೆ, ಹಲ್ಲುನೋವಿಗೆ ಹಚ್ಕೊಂಡೆ ಅಂದೋರಿದಾರೆ. ನೇರವಾಗಿ ವೈನ್ ಅಂದೋರು ನೀವೊಬ್ರೇ ಸ್ವಾಮಿ.”

ಹದಿನೇಳನ್ನು ಅವತ್ತು ರಾಕೆಟ್ ಓಡಿಸಿದ. ನಾವು ಮೊದಲ ಟ್ರಿಪ್ ಮುಗಿಸಿ ಬರುವಷ್ಟರಲ್ಲಿ ಡಿಪೋಗೆಲ್ಲ ಸುದ್ದಿ ತಿಳಿದಿತ್ತು. ಮೆಕ್ಯಾನಿಕ್, “ಬೆಂಕಿ ಇಲ್ದೆ ಹೊಗೆ ಆಡುತ್ತಾ?” ಎಂದ. ಟಿಕೆಟ್ ವಿಭಾಗದ ಗುಮಾಸ್ತರು ಇನ್ನೂ ಮುಂದೆ ಹೋದರು. “ಈಗ ಗೊತ್ತಾಯ್ತು ನೋಡಿ, ಯಾಕೆ ಅಷ್ಟು ನಿಧಾನ ಓಡಿಸ್ತಿದ್ದ ಅಂತ! ಕುಡಿದೋನಿಗೆ ಭಯ ಜಾಸ್ತಿ.” ಎಲ್ಲರಿಗೂ ಅದು ಸರಿಯೆನ್ನಿಸಿತು. ಇಪ್ಪತ್ತೈದು ವರ್ಷದ ಎಚ್ಚರಿಕೆಯೆಲ್ಲ ಒಂದು ಬೆಳಗ್ಗೆಯಲ್ಲಿ ಇಪ್ಪತ್ತೈದು ವರ್ಷದ ಕುಡಿತವಾಗಿ ಹೋಯಿತು. ನಿಧಾನ ಓಡಿಸಿದ ಒಂದೊಂದು ದಿನವೂ ಸಾಕ್ಷಿ. ಇಂಥ ಬುದ್ಧಿವಂತರ ನಡುವೆ ನಾನು ಚಿಲ್ಲರೆ ಎಣಿಸಿಕೊಂಡು ಬದುಕಿದ್ದೇನೆ.

ಮನೆಯ ಕಡೆ ಕೇಳುವುದೇ ಬೇಡ. ಕೆಳಗಿನ ಮನೆಯ ಟೈಲರಮ್ಮ ಮೆಟ್ಟಿಲು ಹತ್ತಿ ಬಂದು ಅತ್ತಿಗೆಯ ಕೈ ಹಿಡಿದುಕೊಂಡಳು.

“ಇಷ್ಟು ವರ್ಷ ಎಲ್ಲಾ ನುಂಗ್ಕೊಂಡು ನಗ್ತಾ ಇದ್ರಲ್ಲ ಅಕ್ಕಾ!”

“ನಗು ಬರ್ತಿತ್ತು, ನಗ್ತಿದ್ದೆ” ಎಂದರು ಅತ್ತಿಗೆ.

“ಅಯ್ಯೋ ಪಾಪ” ಎಂದು ಟೈಲರಮ್ಮ ಕಣ್ಣೊರೆಸಿಕೊಂಡಳು. “ನಂಗೆ ಮೊದ್ಲೇ ಡೌಟಿತ್ತು. ಮೂರು ವಾರದಿಂದ ನಿಮ್ಮನೆ ಗೋಡೇಲಿ ಬುಳುಬುಳು ಅಂತ ಶಬ್ದ. ಪಾಪ, ಬೀರು ಹಿಂದೆ ಕೂತ್ಕೊಂಡು ಕುಡೀತಿದ್ರಾ?”

ಸಂಜೆಯೊಳಗೆ ಅತ್ತಿಗೆಯ ಅಣ್ಣನೂ ಬಂದರು. ನಿವೃತ್ತ ಹೆಡ್ಮಾಸ್ಟರು. ಒಂದು ಬಟ್ಟೆಯ ಚೀಲ, ಒಂದು ಛತ್ರಿ, ನೂರು ಗಾದೆ ಹೊತ್ತುಕೊಂಡು ಬಂದು ಕುರ್ಚಿಯಲ್ಲಿ ಕೂತರು.

“ಭಾವ, ನಾನು ಕುಡಿದಿಲ್ಲ” ಎಂದರು ಅಣ್ಣ.

“ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದೆ ಅಂದ್ರೆ ಯಾರಪ್ಪಾ ನಂಬ್ತಾರೆ?”

“ಮಜ್ಜಿಗೆ ಅಲ್ಲ ಭಾವ, ವೈನೇ. ಆದ್ರೆ ಉಗುಳ್ದೆ.”

ಹೆಡ್ಮಾಸ್ಟರು ತಂಗಿಯ ಕಡೆ ತಿರುಗಿದರು. “ನೋಡಮ್ಮಾ, ಮೂವತ್ತೈದು ವರ್ಷ ಹುಡುಗರನ್ನ ನೋಡಿದೀನಿ. ತಪ್ಪು ಒಪ್ಕೊಂಡ್ರೆ ಅರ್ಧ ತಪ್ಪು ಕಳೀತು.” ಮಾಡದ ತಪ್ಪನ್ನು ಒಪ್ಪಿಕೊಂಡರೆ ಎಷ್ಟು ಕಳೆಯುತ್ತದೆ ಎಂದು ಅತ್ತಿಗೆ ಕೇಳಿದರು. ಆ ಲೆಕ್ಕ ಅವರ ಪಾಠದಲ್ಲಿರಲಿಲ್ಲ.

ಮೂರನೆಯ ದಿನ ವಿಚಾರಣೆ. ಡಿಪೋ ಮ್ಯಾನೇಜರು ಮೇಜಿನ ಆಚೆ, ಪಕ್ಕದಲ್ಲಿ ಡಿಪೋ ಡಾಕ್ಟರು, ಮೂಲೆಯಲ್ಲಿ ಬರೆದುಕೊಳ್ಳಲು ಗುಮಾಸ್ತರು. ಅಣ್ಣನ ಮನೆಯಿಂದ ಸಾಕ್ಷ್ಯವೆಂದು ತಂದ ಹನ್ನೊಂದು ಬಾಟಲಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದವು. ಬಿಸಿಲು ಬಿದ್ದು ಕೆಂಪಗೆ ಹೊಳೆಯುತ್ತಿದ್ದವು. ಅಣ್ಣ ಒಳಗೆ ಬಂದವರು ಮೊದಲು ನೋಡಿದ್ದು ಮ್ಯಾನೇಜರನ್ನಲ್ಲ, ಅವುಗಳನ್ನು. “ತಿಳಿಯಾಗಿದೆ” ಎಂದು ನನ್ನ ಕಿವಿಯಲ್ಲಿ ಹೇಳಿದರು.

“ಇದು ನಿಜವಾಗ್ಲೂ ವೈನೇನಾ, ಬೇರೇನಾದ್ರೂನಾ ಅನ್ನೋದು ಮೊದ್ಲು ಖಚಿತ ಆಗ್ಬೇಕು” ಎಂದರು ಡಾಕ್ಟರು. ಲೋಟ ಬಂತು. ಡಾಕ್ಟರು ಕುಡಿದು ನೋಡಿ ಖಚಿತ ಮಾಡಿದರು. ಮ್ಯಾನೇಜರು, ಒಬ್ಬರ ಅಭಿಪ್ರಾಯ ಸಾಲದು ಎಂದು ತಾವೂ ಕುಡಿದರು. ತೀರ್ಮಾನ ತಪ್ಪಾಗಬಾರದಲ್ಲ, ಇಬ್ಬರೂ ಎರಡನೆಯ ಲೋಟ ತುಂಬಿಸಿಕೊಂಡರು.

“ನನ್ನ ಹೆಂಡತಿ ನೋಡಿದಾಳೆ ಸಾರ್, ಉಗುಳಿದ್ದನ್ನ” ಎಂದರು ಅಣ್ಣ.

“ಹೆಂಡತಿ ಇನ್ನೇನು ಹೇಳ್ತಾರೆ ಬಿಡಿ.” ಮ್ಯಾನೇಜರು ನನ್ನ ಕಡೆ ತಿರುಗಿದರು. “ನೀವು ನೋಡಿದ್ರಾ?”

“ಇಲ್ಲ ಸಾರ್, ನಾನು ಗೇಟಲ್ಲಿದ್ದೆ. ಆದ್ರೆ—”

“ನೋಡಿಲ್ಲ ಅಂತ ಬರ್ಕೊಳ್ಳಿ.” ಫೈಲಿನಿಂದ ಒಂದು ಹಾಳೆ ಎಳೆದರು. ಬಿಲ್ಲೆಯ ಅರ್ಜಿ! “ಹವ್ಯಾಸ, ವೈನ್. ಒಂದು ತಿಂಗಳ ಹಿಂದೇನೇ ತಾವೇ ಬರ್ಕೊಟ್ಟಿದಾರಲ್ರೀ! ಇದಕ್ಕಿಂತ ಸಾಕ್ಷಿ ಬೇಕಾ? ಏನಯ್ಯಾ ಕಂಡಕ್ಟ್ರೇ, ಈ ಅರ್ಜಿ ಯಾರದು?”

ತುಂಬಿದವನು ನಾನು ಸಾರ್, ಜಾಗ ಸಾಲದೆ ಅರ್ಧ ಬಿಟ್ಟವನು ನಾನು ಎಂದು ಹೇಳಬೇಕಿತ್ತು. ಹೇಳಿದರೆ, ಇನ್ನೊಬ್ಬರ ಅರ್ಜಿಯಲ್ಲಿ ಸುಳ್ಳು ಬರೆದದ್ದಕ್ಕೆ ನನ್ನ ಮೇಲೊಂದು ಫೈಲು. ಬಿಸಿತುಪ್ಪ ಬಾಯಲ್ಲಿದ್ದ ಹಾಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಉಗುಳಿದವರ ಗತಿ ಎದುರಿಗೇ ಕಾಣುತ್ತಿತ್ತು.

“ಅರ್ಜಿ ಅಣ್ಣನದು ಸಾರ್” ಎಂದೆ. ಸಹಿ ಅವರದೇ ತಾನೆ?

ಅಣ್ಣ ನನ್ನ ಮುಖ ನೋಡಲಿಲ್ಲ. ಎದ್ದು ನಿಂತು ಒಂದು ಮಾತು ಹೇಳಿದರು. ಆ ಕೋಣೆಯಲ್ಲಿ ಅವತ್ತು ಯಾರಾದರೂ ಬುದ್ಧಿಯ ಮಾತಾಡಿದ್ದರೆ ಅದೊಂದೇ.

“ಸಾರ್, ಇಲ್ಲೇ ನಿಮ್ಮೆದುರಿಗೇ ಒಂದು ಗುಟುಕು ಬಾಯಿಗೆ ಹಾಕ್ಕೊಂಡು ಉಗುಳ್ತೀನಿ. ಆಮೇಲೆ ಊದ್ತೀನಿ, ಕೆಂಪು ಬರುತ್ತೆ. ಅರ್ಧ ಗಂಟೆ ಬಿಟ್ಟು ಮತ್ತೆ ಊದ್ತೀನಿ. ಹಸಿರು ಬರ್ಲಿಲ್ಲ ಅಂದ್ರೆ ನೀವು ಹೇಳ್ದಂಗೆ.”

ಮ್ಯಾನೇಜರ ಮುಖ ಕಪ್ಪಿಟ್ಟಿತು. “ಕೇಳಿದ್ರಾ ಡಾಕ್ಟ್ರೇ? ವಿಚಾರಣೆ ನಡೀತಿರೋ ಕೋಣೇಲಿ ಕುಡಿಯೋಕೆ ಕೊಡಿ ಅಂತಾರೆ! ಬರ್ಕೊಳ್ರೀ.” ಮಾತಿನ ರಭಸಕ್ಕೆ ಅವರ ಕೈಯಲ್ಲಿದ್ದ ಲೋಟ ತುಳುಕಿತು.

“ಚಟ ಅಂದ್ರೆ ಹಾಗೇ. ಅರ್ಧ ಗಂಟೆ ತಡ್ಕೊಳ್ಳೋಕಾಗಲ್ಲ” ಎಂದು ಡಾಕ್ಟರು ತಮ್ಮ ಲೋಟ ಮುಗಿಸಿದರು.

ಎರಡು ದಾರಿ ಇಟ್ಟರು. ಒಪ್ಪದಿದ್ದರೆ ಪ್ರಕರಣ ಮೇಲಿನ ಕಚೇರಿಗೆ ಹೋಗುತ್ತದೆ. ತೀರ್ಮಾನವಾಗುವ ತನಕ, ಒಂದು ವರ್ಷವೋ ಎರಡು ವರ್ಷವೋ, ಮನೆಯಲ್ಲಿರಬೇಕು. ಒಪ್ಪಿದರೆ ಸುಧಾರಣಾ ಯೋಜನೆ: ಹದಿನೈದು ದಿನ ಶಿಬಿರ, ಒಂದು ಪ್ರತಿಜ್ಞೆ, ಮತ್ತೆ ಡ್ಯೂಟಿ.

“ಡ್ಯೂಟಿ ಕೊಡ್ತೀರಾ ಸಾರ್? ಖಂಡಿತ?”

“ಕೊಡ್ತೀವಿ ಅಂದ್ನಲ್ಲ.”

ಅವತ್ತು ರಾತ್ರಿ ಮನೆಯಲ್ಲಿ, ಸಹಿ ಹಾಕಬೇಡಿ ಎಂದವರು ಅತ್ತಿಗೆ ಒಬ್ಬರೇ. “ಊರು ಏನಾದ್ರೂ ಅನ್ಲಿ. ನಿಮ್ಮ ಕೈಯಿಂದ ಬರ್ದು ಕೊಡ್ಬೇಡಿ.” ಹೆಡ್ಮಾಸ್ಟರು ಗಾದೆಯ ಮೇಲೆ ಗಾದೆ ಪೇರಿಸಿದರು. ಅಣ್ಣ ಕೊನೆಗೆ ನನ್ನನ್ನು ಕೇಳಿದರು. ಅವರ ಬಲಗೈ ಆಗ ಪಕ್ಕದ ಕುರ್ಚಿಯ ದುಂಡು ಬೆನ್ನಿನ ಮೇಲಿತ್ತು, ಸ್ಟೀರಿಂಗ್ ಹಿಡಿದ ಹಾಗೆ.

“ಹಾಕಿ ಅಣ್ಣ” ಎಂದೆ ನಾನು. “ಫೈಲಲ್ಲಿ ಬಿದ್ದಿರುತ್ತೆ. ಯಾರು ನೋಡ್ತಾರೆ?”

ಅವರು ಹಾಕಿದರು.

ಶಿಬಿರದಲ್ಲಿ ಹನ್ನೊಂದು ಜನ ಅಪ್ಪಟ ಕುಡುಕರು, ಹನ್ನೆರಡನೆಯವರು ನಮ್ಮ ಅಣ್ಣ. ಸಲಹೆ ಕೊಡುವ ಮೇಡಂ ಒಬ್ಬರಿದ್ದರು. ದಿನವೂ ಎಲ್ಲರನ್ನೂ ದುಂಡಗೆ ಕೂರಿಸಿಕೊಂಡು ತಮ್ಮ ಕುಡಿತದ ಕಥೆ ಹೇಳಿಸುತ್ತಿದ್ದರು.

“ನಿಮ್ಮ ಮೊದಲ ಗುಟುಕು ಯಾವಾಗ?”

“ಗುಟುಕಲ್ಲ ಮೇಡಂ, ಬಾಯಿ ತುಂಬ. ಹೋದ ತಿಂಗಳು. ಉಗುಳ್ದೆ.”

ಮೇಡಂ ‘ನಿರಾಕರಣೆಯ ಹಂತ’ ಎಂದು ಬರೆದುಕೊಂಡರು. ನಾಲ್ಕು ದಿನ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಹಂತ. ಹನ್ನೆರಡೂ ಜನ ಮನಸ್ಸು ಬಿಚ್ಚುವ ತನಕ ಯಾರಿಗೂ ಮುಂದಿನ ಹಂತವಿಲ್ಲ ಎಂದು ನಿಯಮವಿದ್ದದ್ದರಿಂದ ಉಳಿದವರು ರೇಗಿದರು. ಕೊನೆಗೆ ಪಕ್ಕದ ಮಂಚದ ಮುದಿ ಗಾರೆಯವನು ಅಣ್ಣನಿಗೆ ಬುದ್ಧಿ ಹೇಳಿದನಂತೆ. “ನಿನ್ನತ್ರ ಕಥೆ ಇಲ್ದಿದ್ರೆ ನಂದೊಂದು ತಗೋ ಮಾರಾಯ. ನನ್ನತ್ರ ಬೇಕಾದಷ್ಟಿವೆ. ಹೆಂಡ್ತಿ ಹೊಲಿಗೆ ಮೆಷಿನ್ ಮಾರಿ ಕುಡಿದಿದ್ದು ಚೆನ್ನಾಗಿದೆ, ಎಲ್ರೂ ಅಳ್ತಾರೆ.”

ಅಣ್ಣ ಅದನ್ನು ಕಲಿತರು. ಒಂದು ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವ ಮನುಷ್ಯನಲ್ಲ. ಯಾವ ಸ್ಟಾಪಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಗೊತ್ತಿದ್ದವರು ಕಥೆಯಲ್ಲೂ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತರು. ಶಿಬಿರದ ಕೊನೆಯ ದಿನ ಸಂಬಂಧಿಕರನ್ನೂ ಕರೆದಿದ್ದರು. ಅತ್ತಿಗೆ, ಹೆಡ್ಮಾಸ್ಟರು, ಟೈಲರಮ್ಮ, ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆವು. ಅಣ್ಣ ಎದ್ದು, ಕೈ ಎರಡೂ ಮುಂದೆ ಹಿಡಿದುಕೊಂಡು, “ನಾನು ಹೆಂಡತಿಯ ಹೊಲಿಗೆ ಮೆಷಿನ್ ಮಾರಿ ಕುಡಿದವನು” ಎಂದು ಶುರು ಮಾಡಿದರು. ಮೇಡಂ ಅತ್ತರು. ಗಾರೆಯವನು ತನ್ನದೇ ಕಥೆ ಕೇಳಿ ಬಿಕ್ಕಿಬಿಕ್ಕಿ ಅತ್ತ. ಹೆಡ್ಮಾಸ್ಟರು ಚಪ್ಪಾಳೆ ತಟ್ಟಿದರು.

ಅತ್ತಿಗೆಯ ಹತ್ತಿರ ಯಾವತ್ತೂ ಹೊಲಿಗೆ ಮೆಷಿನ್ ಇರಲಿಲ್ಲ. ಆ ಜೇಬಿನ ಇಮ್ಮಡಿ ಬಟ್ಟೆಯನ್ನು ಕೈಯಲ್ಲೇ ಹೊಲಿದಿದ್ದರು. ಮಾರನೆಯ ದಿನ ಟೈಲರಮ್ಮ ತನ್ನ ಹಳೆಯ ಮೆಷಿನನ್ನು ಇಬ್ಬರಿಂದ ಹೊರಿಸಿಕೊಂಡು ತಂದು ಅವರ ಬಾಗಿಲಲ್ಲಿ ಇಟ್ಟಳು. “ಬೇಡ ಅನ್ಬೇಡಿ ಅಕ್ಕಾ. ಆದ್ರೆ ಬೀಗ ಹಾಕಿಟ್ಕೊಳ್ಳಿ.”

ಅತ್ತಿಗೆ ಬಾಗಿಲು ಹಾಕಿಕೊಂಡು ಅಣ್ಣನಿಗೆ ಹೇಳಿದ್ದು ಇಷ್ಟು: “ಇಲ್ಲದ ಮೆಷಿನ್ ಮಾರಿದ್ರಿ, ಸರಿ. ನನ್ನನ್ನ ಯಾಕೆ ಮಾರಿದ್ರಿ?”

ಅಣ್ಣ, ನಾಳೆ ಬಸ್ಸು ಸಿಗುತ್ತದೆ ಎಂದರಂತೆ.

ಸೋಮವಾರ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ಬಂದರು. ಯಂತ್ರ ಊದಿದರು, ಹಸಿರು. ಹದಿನೇಳರ ಹತ್ತಿರ ಹೋಗಿ ಬಾಗಿಲು ತೆಗೆಯುವಷ್ಟರಲ್ಲಿ ಮ್ಯಾನೇಜರು ಕರೆಸಿದರು. ಹದಿನಾಲ್ಕನೇ ಕಲಂ ಓದಿ ಹೇಳಿದರು: ಕುಡಿತದ ಚಟವನ್ನು ಲಿಖಿತವಾಗಿ ಒಪ್ಪಿಕೊಂಡ ಚಾಲಕರಿಗೆ ಐದು ವರ್ಷ ಕಾಲ ಪ್ರಯಾಣಿಕರ ವಾಹನ ಕೊಡತಕ್ಕದ್ದಲ್ಲ.

“ನಂಗೆ ಇನ್ನು ಮೂರೇ ವರ್ಷ ಸಾರ್ ಸರ್ವೀಸು.”

“ಹೌದಲ್ವಾ?” ಮ್ಯಾನೇಜರಿಗೆ ನಿಜವಾಗಿಯೂ ಬೇಜಾರಾಯಿತು.

“ಡ್ಯೂಟಿ ಕೊಡ್ತೀವಿ ಅಂದಿದ್ರಿ.”

“ಡ್ಯೂಟಿ ಅಂದಿದ್ದೆ, ಸ್ಟೀರಿಂಗ್ ಅಂದಿರ್ಲಿಲ್ಲ. ಯಾಕ್ರೀ ಚಿಂತೆ? ನಿಮ್ಮ ಕಥೆ ಕೇಳಿ ಮೇಲಿನ ಕಚೇರಿಯವರೇ ಖುಷಿಪಟ್ಟಿದಾರೆ. ಡಿಪೋ ಡಿಪೋಗೆ ಹೋಗಿ ಡ್ರೈವರುಗಳಿಗೆ ಹೇಳಿ. ಕೂತು ಮಾಡೋ ಕೆಲಸ!”

ಇಪ್ಪತ್ತೈದು ವರ್ಷ ಕೂತೇ ಕೆಲಸ ಮಾಡಿದವರಿಗೆ ಇದನ್ನು ಹೇಳಿದರು.

ಬಿಲ್ಲೆ ಬರಲಿಲ್ಲ. ದಾಖಲೆಯಲ್ಲಿ ಕೆಂಪು ಇದ್ದವರಿಗೆ ಇಲ್ಲವಂತೆ. ಒಂದೂ ಅಪಘಾತ ಮಾಡದ್ದಕ್ಕೆ ಸಿಗದ ಚಪ್ಪಾಳೆ ಎಂದೂ ಕುಡಿಯದ ಕುಡಿತವನ್ನು ಬಿಟ್ಟದ್ದಕ್ಕೆ ಸಿಕ್ಕ ಹಾಗಾಯಿತು. ‘ಹೊಸ ಬಾಳು’ ಎಂದು ಕೊರೆದ ಮರದ ಫಲಕವೊಂದನ್ನು ಕೊಟ್ಟರು. ಅದನ್ನು ಜೇಬಿಗೆ ಚುಚ್ಚಿಕೊಳ್ಳಲು ಬರುವುದಿಲ್ಲ.

ಕಿಟಕಿಯ ಕಟ್ಟೆಯ ಮೇಲಿನ ಬಾಟಲಿಗಳು ಒಂದೊಂದಾಗಿ ಕಡಿಮೆಯಾಗುತ್ತ ಬಂದವು. ಮೇಲಿನ ಕಚೇರಿಯವರು ಪರಿಶೀಲನೆಗೆ ಬಂದಾಗ ಮೂರು, ಡಾಕ್ಟರು ಮರುಪರಿಶೀಲನೆ ಮಾಡಿದಾಗ ಎರಡು. ಮ್ಯಾನೇಜರು ಬಂದವರಿಗೆಲ್ಲ, “ನಮ್ಮ ಡಿಪೋದ್ದೇ ಸಾಕ್ಷ್ಯ, ರುಚಿ ನೋಡಿ” ಎನ್ನುತ್ತಿದ್ದರು. ಕೊನೆಯ ಬಾಟಲಿಯನ್ನು ಮೊನ್ನೆ ಮಧ್ಯಾಹ್ನ ಫೈಲು ಮುಚ್ಚುವ ಸಂತೋಷಕ್ಕೆ ತೆಗೆದರು. ಕಪಾಟು ಸರಿಸಲು ಬಂದಿದ್ದ ರಾಕೆಟ್‌ಗೆ ಎರಡು ಲೋಟ. ಟ್ರಿಪ್ ಶೀಟು ಕೊಡಲು ಹೋಗಿದ್ದ ನನಗೆ ಒಂದು. ನಾನು ಬೇಡ ಎನ್ನಲಿಲ್ಲ.

ಅದಾದ ಕೂಡಲೇ ಹೊರಟೆವು. ಮುಂದಿನ ಡಿಪೋದಲ್ಲಿ ನಾಲ್ಕಕ್ಕೆ ಅಣ್ಣನ ಉಪನ್ಯಾಸ. ಹದಿನೇಳು ಈಗ ಕಾಯಮ್ಮಾಗಿ ರಾಕೆಟ್‌ನದು. ಊದುವ ಯಂತ್ರ ಬೆಳಗ್ಗೆ ಮಾತ್ರ. ಮಧ್ಯಾಹ್ನ ಯಾರೂ ಕುಡಿಯುವುದಿಲ್ಲ ಎಂದು ನಿಯಮ ಮಾಡಿದವರ ನಂಬಿಕೆ. ಅಣ್ಣ ಡ್ರೈವರನ ಹಿಂದಿನ ಸೀಟಿನಲ್ಲಿ ಭಾಷಣದ ಹಾಳೆ ಹಿಡಿದುಕೊಂಡು ಕೂತರು. ರಾಕೆಟ್ ಹಿಂದೆ ತಿರುಗಿ, “ಏನ್ ಗುರುಗಳೇ, ಇವತ್ತೂ ಮೆಷಿನ್ ಮಾರ್ತೀರಾ?” ಎಂದು ನಕ್ಕ. ಅಣ್ಣನ ಮೂಗು ಅರಳಿತು.

ಬಸ್ಸು ಹೊರಟ ಮೇಲೆ ನನ್ನನ್ನು ಹತ್ತಿರ ಕರೆದರು.

“ಇದು ನಂದೇ ಕಣೋ.”

“ಯಾವ್ದಣ್ಣ?”

“ಆ ವಾಸನೆ.” ನನ್ನ ಕಡೆಗೂ ಒಮ್ಮೆ ಉಸಿರೆಳೆದು ನೋಡಿದರು. “ನೀನೂ ಕುಡಿದ್ಯಾ?”

“ಒಂದೇ ಲೋಟ” ಎಂದೆ. ನೆಲ ಬಿರಿಯಬಾರದೇ ಎನ್ನಿಸಿತು.

“ಹೇಗಿತ್ತು?”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. “ಹುಳಿ ಅಣ್ಣ. ಕೆಟ್ಟುಹೋಗಿತ್ತು. ಬಾಯಿಗೆ ಇಡೋಕಾಗ್ಲಿಲ್ಲ” ಎಂದೆ, ಸಮಾಧಾನಕ್ಕೆ.

“ಸುಳ್ಳು ಬೊಗಳ್ಬೇಡ. ಬಾಯಲ್ಲಿ ಎಳೆದೋನು ನಾನು. ಉಗುಳೋವಾಗ್ಲೇ ಗೊತ್ತಾಗಿತ್ತು ಚೆನ್ನಾಗಿದೆ ಅಂತ.” ಭಾಷಣದ ಹಾಳೆ ಮಡಚಿ, “ನುಂಗ್ಬಿಡ್ಬೇಕಿತ್ತು” ಎಂದರು.

ಅಷ್ಟರಲ್ಲಿ ತಿರುವು ಬಂತು. ರಾಕೆಟ್ ವೇಗ ಇಳಿಸದೆ ತಿರುಗಿಸಿದ. ಅಣ್ಣನ ಬಲಗಾಲು ನೆಲವನ್ನು ಬಲವಾಗಿ ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ, ಯಾರೋ ಎಸೆದ ಟಿಕೆಟ್ ಚೂರು ಮಾತ್ರ ಇತ್ತು. ಪಕ್ಕದಲ್ಲಿ ಕರಕರ ಎಂದು ಉದ್ದಕ್ಕೆ ಸದ್ದಾಯಿತು. ನಿಂತಿದ್ದ ಕೈಗಾಡಿಯೊಂದನ್ನು ಸವರಿಕೊಂಡು ಬಂದಿದ್ದೆವು. ಗಾಡಿಯವನು ಪಕ್ಕಕ್ಕೆ ಹಾರಿ ಬದುಕಿಕೊಂಡಿದ್ದ.

ಇಳಿದು ನೋಡಿದೆವು. ಹದಿನೇಳರ ಮೈಮೇಲೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದ ತನಕ ಬೆಳ್ಳಗೆ ಒಂದು ಗೀರು. ಅಣ್ಣ ಕರವಸ್ತ್ರಕ್ಕೆ ಉಗುಳು ಹಚ್ಚಿ ಅದನ್ನು ಉಜ್ಜತೊಡಗಿದರು.

“ಗೀರು ತಾನೆ? ಯಾರು ನೋಡ್ತಾರೆ, ಬಿಡಿ” ಎಂದ ರಾಕೆಟ್.

ಅಣ್ಣ ಉಜ್ಜುತ್ತಲೇ ನನ್ನನ್ನು ಕೇಳಿದರು. “ನೀನು ನೋಡಿದ್ಯಾ?”

“ನೋಡ್ದೆ ಅಣ್ಣ.”

“ಹಾಗಾದ್ರೆ ಶೀಟಲ್ಲಿ ಕಾಲಂ ಇದೆಯಲ್ಲ, ಬರಿ.”

ಟ್ರಿಪ್ ಶೀಟು ತೆಗೆದೆ. ‘ವಾಹನಕ್ಕೆ ಆದ ಹಾನಿ ಮತ್ತು ಕಾರಣ.’ ಬರೆದರೆ ರಾಕೆಟ್‌ನನ್ನು ಊದಿಸುತ್ತಾರೆ, ಆಮೇಲೆ ನನ್ನನ್ನೂ ಊದಿಸುತ್ತಾರೆ, ಎಲ್ಲಿ ಕುಡಿದಿರಿ ಎಂದು ಕೇಳುತ್ತಾರೆ. ಈ ಕಾಲಂ ಮಾತ್ರ ಅರ್ಧ ಹಾಳೆಯಷ್ಟು ಅಗಲವಿತ್ತು. ಅಣ್ಣ ನನ್ನ ಪೆನ್ನನ್ನೇ ನೋಡುತ್ತಿದ್ದರು.

ನಾನು ‘ಇಲ್ಲ’ ಎಂದು ಬರೆದು ಸೀಟಿ ಊದಿದೆ.